ಕಾಡುಗೋಡಿಯ ಕೇಂದ್ರ

ವೃತ್ತದ ಕೇಂದ್ರವೆಂದರೆ ಪರಿಧಿಯ ಎಲ್ಲ ಬಿಂದುಗಳಿಂದಲೂ ಸಮಾನ ದೂರದಲ್ಲಿರುವ ಬಿಂದು ಎಂದು ನಮ್ಮ ರೇಖಾಗಣಿತದ ಮೇಷ್ಟರು ಹೇಳಿಕೊಟ್ಟಿದ್ದರು. ಹಾಗಲ್ಲ ಎಂದವರ ಅಂಗೈಗೆ ಬೆತ್ತದಿಂದ ಉತ್ತರ ಬರೆದಿದ್ದರು. 2008ರ ಕ್ಷೇತ್ರ ಪುನರ್ವಿಂಗಡಣೆಯ ನಕ್ಷೆಯನ್ನು ಅವರು ನೋಡಿದ್ದರೆ ಬೆತ್ತವನ್ನು ಯಾರ ಮೇಲೆ ಎತ್ತುತ್ತಿದ್ದರೋ ತಿಳಿಯದು. ಆ ನಕ್ಷೆಯಲ್ಲಿ ಹುಟ್ಟಿದ ಬೆಂಗಳೂರು ಕೇಂದ್ರ ಲೋಕಸಭಾ ಕ್ಷೇತ್ರವು ಪಶ್ಚಿಮದ ರಾಜಾಜಿನಗರದಿಂದ ಹೊರಟು, ಗಾಂಧಿನಗರ, ಚಾಮರಾಜಪೇಟೆ, ಶಿವಾಜಿನಗರ, ಶಾಂತಿನಗರಗಳನ್ನು ಹಾದು, ಸರ್ವಜ್ಞನಗರ ಮತ್ತು ಸಿ.ವಿ. ರಾಮನ್ ನಗರಗಳನ್ನು ಬಗಲಿಗೆ ಹಾಕಿಕೊಂಡು, ಮಹದೇವಪುರವೆಂಬ ಎಂಟನೆಯ ವಿಧಾನಸಭಾ ಕ್ಷೇತ್ರದ ಹೆಗಲೇರಿ ವೈಟ್‌ಫೀಲ್ಡ್, ಕಾಡುಗೋಡಿಗಳವರೆಗೆ ಕಾಲು ಚಾಚಿದೆ. ಇನ್ನೊಂದಿಷ್ಟು ಚಾಚಿದ್ದರೆ ಮಾಲೂರಿನವರೂ ಕೇಂದ್ರಸ್ಥರಾಗುತ್ತಿದ್ದರು.

ಕೆಂಪೇಗೌಡರ ಕಾಲದಲ್ಲಿ ಈ ವಿಷಯದಲ್ಲಿ ಇಷ್ಟು ಗೊಂದಲವಿರಲಿಲ್ಲ. ಚಿಕ್ಕಪೇಟೆ, ದೊಡ್ಡಪೇಟೆಗಳು ಕೂಡುವಲ್ಲಿ ನೇಗಿಲು ಕಟ್ಟಿ ನಾಲ್ಕು ದಿಕ್ಕಿಗೂ ಎತ್ತುಗಳನ್ನು ಹೊಡೆದರೆಂದು ಐತಿಹ್ಯ ಹೇಳುತ್ತದೆ. ಎತ್ತುಗಳಿಗಿದ್ದ ದಿಕ್ಕಿನ ಪ್ರಜ್ಞೆ ನಮ್ಮ ಗಡಿ ಗುರುತಿಸುವವರಿಗೂ ಇರಬೇಕಿತ್ತೆಂದು ಹಟ ಹಿಡಿಯುವುದು ನ್ಯಾಯವಲ್ಲ. ಆದರೂ ಚಿಕ್ಕಪೇಟೆ ವಿಧಾನಸಭಾ ಕ್ಷೇತ್ರವು ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರಕ್ಕೆ ಸೇರಿತೆಂಬುದನ್ನು ಒಪ್ಪಿಕೊಂಡ ಓದುಗರು ಮುಂದಿನ ಮಾತಿಗೂ ಸಿದ್ಧರಾಗಬೇಕು: ಪಾಲಿಕೆಯಲ್ಲಿ 198 ವಾರ್ಡುಗಳಿದ್ದಾಗ ಚಿಕ್ಕಪೇಟೆ ವಾರ್ಡು ಇದ್ದದ್ದು ಚಿಕ್ಕಪೇಟೆ ವಿಧಾನಸಭಾ ಕ್ಷೇತ್ರದಲ್ಲಲ್ಲ, ಗಾಂಧಿನಗರದಲ್ಲಿ. ಚಿಕ್ಕಪೇಟೆ ಕ್ಷೇತ್ರದಲ್ಲಿದ್ದದ್ದು ಜಯನಗರ ವಾರ್ಡು. ಹೀಗೆ ಚಿಕ್ಕಪೇಟೆಯ ಜರತಾರಿ ಸೀರೆಯ ವ್ಯಾಪಾರಿ ಗಾಂಧಿನಗರದ ಮತದಾರನಾಗಿ ಕೇಂದ್ರಕ್ಕೂ, ಜಯನಗರದ ನಿವೃತ್ತ ಅಧಿಕಾರಿ ಚಿಕ್ಕಪೇಟೆಯ ಮತದಾರನಾಗಿ ದಕ್ಷಿಣಕ್ಕೂ ಸಲ್ಲುತ್ತಿದ್ದರು.

2025ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ಐದು ಪಾಲು ಮಾಡಿ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣವೆಂದು ನಾಮಕರಣ ಮಾಡಿದಾಗ, ಅಂತೂ ದಿಕ್ಸೂಚಿ ಬಲ್ಲವರೊಬ್ಬರು ಸರ್ಕಾರದಲ್ಲಿದ್ದಾರೆಂದು ನಾನು ಹಿಗ್ಗಿದೆ. ಆ ಹಿಗ್ಗು ಹೆಚ್ಚು ಹೊತ್ತು ಉಳಿಯಲಿಲ್ಲ. ಲೋಕಸಭೆಗೆ ಕೇಂದ್ರವಾಗಿರುವ ಮಹದೇವಪುರ ಪಾಲಿಕೆಗೆ ಪೂರ್ವವಾಯಿತು, ರಾಜಾಜಿನಗರ ಪಶ್ಚಿಮವಾಯಿತು, ಸರ್ವಜ್ಞನಗರ ಉತ್ತರವಾಯಿತು. ಲೋಕಸಭೆಗೆ ದಕ್ಷಿಣವಾಗಿದ್ದ ಚಿಕ್ಕಪೇಟೆ ಮಾತ್ರ ಇಲ್ಲಿ ಕೇಂದ್ರಕ್ಕೆ ಮರಳಿತು. ಬೆಂಗಳೂರು ಕೇಂದ್ರದ ಸಂಸದರು ತಮ್ಮ ಕ್ಷೇತ್ರದ ಚರಂಡಿಗಳ ಕುರಿತು ಪತ್ರ ಬರೆಯಬೇಕೆಂದರೆ ಒಂದು ಕ್ಷೇತ್ರಕ್ಕೆ ನಾಲ್ಕು ಪಾಲಿಕೆಗಳ ನಾಲ್ವರು ಆಯುಕ್ತರಿಗೆ ನಾಲ್ಕು ಪ್ರತಿ ತೆಗೆಯಬೇಕು. ಚರಂಡಿಯ ನೀರಿಗಾದರೋ ಈ ದಿಕ್ಕುಗಳ ಹಂಗಿಲ್ಲ. ಅದು ಹಳೆಯ ಇಳಿಜಾರನ್ನೇ ನಂಬಿದೆ.

ಕೇಂದ್ರ ಎಲ್ಲಿದೆಯೆಂಬ ಪ್ರಶ್ನೆಗೆ ನಕ್ಷೆಗಿಂತ ಮತ ಎಣಿಕೆಯೇ ಪ್ರಾಮಾಣಿಕವಾದ ಉತ್ತರ ಕೊಡುತ್ತದೆ. 2009ರಿಂದ ನಡೆದ ನಾಲ್ಕೂ ಚುನಾವಣೆಗಳಲ್ಲಿ ಇಲ್ಲಿ ಗೆದ್ದವರು ಬಿಜೆಪಿಯ ಪಿ.ಸಿ. ಮೋಹನ್. 2024ರಲ್ಲಿ ಅವರು ಕಾಂಗ್ರೆಸ್ಸಿನ ಮನ್ಸೂರ್ ಅಲಿ ಖಾನ್ ಅವರನ್ನು 32,707 ಮತಗಳಿಂದ ಸೋಲಿಸಿದರು. ಮಹದೇವಪುರವೊಂದರಲ್ಲೇ ಅವರಿಗೆ ಸಿಕ್ಕ ಮುನ್ನಡೆ ಒಂದು ಲಕ್ಷ ಹದಿನಾಲ್ಕು ಸಾವಿರ. ಪುನರ್ವಿಂಗಡಣೆಯವರು 2001ರ ಜನಗಣತಿಯನ್ನು ನೆಚ್ಚಿ ಅಳೆದಾಗ ಹೂಕೋಸು, ಮೂಲಂಗಿ ಬೆಳೆಯುತ್ತಿದ್ದ ಹಳ್ಳಿಗಳ ಮೇಲೆ ಈಗ ಇಪ್ಪತ್ತು ಮಹಡಿಯ ವಸತಿ ಸಮುಚ್ಚಯಗಳು ಬೆಳೆದಿವೆ. ಶಿವಾಜಿನಗರದಲ್ಲಿ ಎರಡು ಲಕ್ಷದ ಆಸುಪಾಸು ಮತದಾರರಿದ್ದರೆ ಮಹದೇವಪುರದಲ್ಲಿ ಆರು ಲಕ್ಷ ದಾಟಿದ್ದಾರೆ. ಶಾಸಕರು ಮಾತ್ರ ಅಲ್ಲಿಗೂ ಒಬ್ಬರು, ಇಲ್ಲಿಗೂ ಒಬ್ಬರು. ಅತ್ತ ಚಾಮರಾಜಪೇಟೆಯ ವಠಾರದ ಮನೆಗಳು ಒಂದೊಂದಾಗಿ ಗೋದಾಮುಗಳಾಗುತ್ತಿವೆ, ಹಿರಿಯರು ಮಕ್ಕಳ ಹಿಂದೆ ಹೊಸ ಬಡಾವಣೆಗಳಿಗೆ ನಡೆದಿದ್ದಾರೆ, ಗೋದಾಮಿಗೆ ಮತದಾನದ ಹಕ್ಕಿಲ್ಲ. ಇತ್ತ ಕಾಡುಗೋಡಿಯಲ್ಲಿ ಪಟ್ನಾ, ಕಟಕ್, ಕಾನ್ಪುರಗಳಿಂದ ಬಂದವರು ಮತದಾರರ ಪಟ್ಟಿಗೆ ಹೆಸರು ಸೇರಿಸುವಷ್ಟರಲ್ಲಿ ಮನೆಯ ಮಾಲೀಕ ಬಾಡಿಗೆ ಏರಿಸಿರುತ್ತಾನೆ. ಅವರು ಮುಂದಿನ ಬೀದಿಗೆ, ಎಂದರೆ ಮತದಾರರ ಪಟ್ಟಿಯ ಮುಂದಿನ ಭಾಗಸಂಖ್ಯೆಗೆ, ಗಂಟುಮೂಟೆ ಕಟ್ಟಿರುತ್ತಾರೆ. ಹಳಬರ ಹೆಸರು ಅವರಿಲ್ಲದ ಮನೆಯಲ್ಲಿ, ಹೊಸಬರ ಹೆಸರು ಅವರು ಬಿಟ್ಟ ಮನೆಯಲ್ಲಿ.

ಈ ಪಟ್ಟಿ 2025ರ ಆಗಸ್ಟ್‌ನಲ್ಲಿ ದೇಶಪ್ರಸಿದ್ಧವಾಯಿತು. ಮಹದೇವಪುರದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮತಗಳ ಕಳವಾಗಿದೆಯೆಂದು ರಾಹುಲ್ ಗಾಂಧಿಯವರು ಆರೋಪಿಸಿದರು. ಚುನಾವಣಾ ಆಯೋಗವು ಅದನ್ನು ಅಲ್ಲಗಳೆದು, ಪ್ರಮಾಣಪೂರ್ವಕವಾಗಿ ಬರೆದುಕೊಡಿ ಎಂದಿತು. ಅವರವರ ವಾದ ಅವರವರಿಗೆ ಇರಲಿ. ಒಂದು ಚಿಕ್ಕ ಕೋಣೆಯ ವಿಳಾಸದಲ್ಲಿ ಹತ್ತಾರು ಮತದಾರರು ಎಂಬ ಸುದ್ದಿಗೆ ದಿಲ್ಲಿಯವರು ಬೆಚ್ಚಿದರಾದರೂ, ವೈಟ್‌ಫೀಲ್ಡಿನ ಪಿ.ಜಿ.ಗಳಲ್ಲಿ ಮಂಚದ ಮೇಲೆ ಮಂಚವಿಟ್ಟು ಮಲಗುವ ಹುಡುಗರು ಕೇಳಿದ ಪ್ರಶ್ನೆ ಬೇರೆಯಾಗಿರಬೇಕು: ಆ ಕೋಣೆಗೆ ಮುಂಗಡ ಎಷ್ಟು?

ಇಂಥ ಮತದಾರರನ್ನು ಮತಗಟ್ಟೆಗೆ ಕರೆತರಲು ವ್ಯವಸ್ಥೆ ಪಡುವ ಪಾಡು ಕಂಡರೆ ಕಲ್ಲೂ ಕರಗಬೇಕು. ಜಾಥಾ ನಡೆಯುತ್ತದೆ, ಸೆಲ್ಫಿ ತೆಗೆದುಕೊಳ್ಳಲು ಚೌಕಟ್ಟು ನಿಲ್ಲುತ್ತದೆ, ಸಿನಿಮಾ ನಟರು ಶಾಯಿ ಬಳಿದ ಬೆರಳು ತೋರಿಸುತ್ತಾರೆ. ನೃಪತುಂಗ ರಸ್ತೆಯ ಹೋಟೆಲೊಂದು 2024ರಲ್ಲಿ ಮತ ಹಾಕಿ ಬಂದವರಿಗೆ ಪುಕ್ಕಟೆ ಬೆಣ್ಣೆದೋಸೆ ಹಾಕಿತು. ಆದರೂ ಬೆಂಗಳೂರು ಕೇಂದ್ರದಲ್ಲಿ ಮತದಾನ ಶೇ. 54ರ ಆಸುಪಾಸಿನಲ್ಲೇ ನಿಂತಿತು. ಬೆಣ್ಣೆದೋಸೆಯ ಆಮಿಷವಿಲ್ಲದ ಮಂಡ್ಯದಲ್ಲಿ ಶೇ. 80 ದಾಟಿತು. ಎಂದಿನಂತೆ ನಗರವಾಸಿಯ ಸೋಮಾರಿತನಕ್ಕೆ ಛೀಮಾರಿ ಬಿತ್ತು. ಛೀಮಾರಿ ಹಾಕಿದವರು ಪಂಚಾಂಗವನ್ನೊಮ್ಮೆ ತಿರುವಿಹಾಕಬಹುದಿತ್ತು. 2014ರಲ್ಲಿ ಮತದಾನ ಗುಡ್ ಫ್ರೈಡೆಯ ಮುನ್ನಾದಿನವಾದ ಗುರುವಾರ, 2019ರಲ್ಲಿ ಮತ್ತೆ ಗುಡ್ ಫ್ರೈಡೆಯ ಮುನ್ನಾದಿನವಾದ ಗುರುವಾರ, 2024ರಲ್ಲಿ ಶುಕ್ರವಾರ. ಮೂರು-ನಾಲ್ಕು ದಿನದ ರಜೆಯನ್ನು ತಾನೇ ಹೊಲಿದು ಕೈಗಿಟ್ಟು, ಮಡಿಕೇರಿಗೆ ಏಕೆ ಹೋದೆ ಎಂದು ಕೇಳುವುದಕ್ಕೂ ಒಂದು ಧೈರ್ಯ ಬೇಕು. 2023ರ ವಿಧಾನಸಭಾ ಚುನಾವಣೆಗೆ ಬೇಕೆಂದೇ ಬುಧವಾರವನ್ನು ಆರಿಸಿದ್ದೂ ಉಂಟು. ರಾಜಧಾನಿಯ ಅಂಕಿ ಆಗಲೂ ಹೆಚ್ಚೇನೂ ಮಿಸುಕಲಿಲ್ಲ.

ಹೀಗೆ ಮತ ಹಾಕು ಎಂದು ಗಲ್ಲ ಹಿಡಿದು ಬೇಡುವ ವ್ಯವಸ್ಥೆಯೇ, ಇದೇ ಊರಿನ ಇದೇ ಮತದಾರನಿಗೆ ಇನ್ನೊಂದು ಮತವನ್ನು ಹಾಕಗೊಡದೆ ವರ್ಷಗಟ್ಟಲೆ ಕಾಯಿಸಿತು. ಪಾಲಿಕೆಗೆ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಐದು ವರ್ಷ, ಎಂದರೆ ಒಂದು ಇಡೀ ಅವಧಿ, ಕಾರ್ಪೊರೇಟರ್ ಎಂಬ ಪ್ರಾಣಿಯೇ ಇಲ್ಲದೆ ಕಳೆಯಿತು. ಆ ಬಿಡುವಿನಲ್ಲಿ ಸರ್ಕಾರಗಳು ಸುಮ್ಮನೆ ಕೂತಿದ್ದವೆಂದು ಯಾರೂ ತಿಳಿಯಬಾರದು, ವಾರ್ಡು ಎಣಿಸುತ್ತಿದ್ದವು. 198 ಇದ್ದದ್ದು 243 ಆಯಿತು, 243 ಸರಿಯಿಲ್ಲವೆಂದು 225 ಆಯಿತು, ಕೊನೆಗೆ ಐದು ಪಾಲಿಕೆಗಳಲ್ಲಿ 369 ಆಯಿತು. ಜಗತ್ತಿನಲ್ಲಿ ಇಷ್ಟು ಶ್ರದ್ಧೆಯಿಂದ ಎಲೆ ಹಾಕಿ, ಎಲೆ ತೆಗೆದು, ಮತ್ತೆ ಎಲೆ ಹಾಕಿ, ಊಟಕ್ಕೆ ಮಾತ್ರ ಬಡಿಸದ ಛತ್ರ ಬೇರೊಂದಿರಲಾರದು.

ಪರಿಣಾಮವಾಗಿ 2024ರ ಬೇಸಿಗೆಯಲ್ಲಿ, ಕೊಳವೆಬಾವಿಗಳು ಬತ್ತಿ ಟ್ಯಾಂಕರ್ ನೀರಿಗೆ ಹರಾಜಿನ ಬೆಲೆ ಬಂದಿದ್ದಾಗ, ದೇಶದ ಭದ್ರತೆ ಮತ್ತು ವಿದೇಶಾಂಗ ನೀತಿಗಳ ಕುರಿತು ಮತ ಕೇಳಲು ಬಂದ ಅಭ್ಯರ್ಥಿಗಳ ಮುಂದೆ ಜನ ಖಾಲಿ ಕೊಡ, ರಸ್ತೆಯ ಗುಂಡಿ, ಕಸದ ಗಾಡಿಗಳ ಪ್ರಶ್ನೆ ಇಟ್ಟರು. ಕೇಳಬೇಕಾದ ಕಾರ್ಪೊರೇಟರ್ ಇಲ್ಲದಿದ್ದಾಗ ಸಿಕ್ಕವರನ್ನು ಕೇಳುವುದು ಲೋಕರೂಢಿ. ನನ್ನ ಪರಿಚಯದ ಹಿರಿಯರೊಬ್ಬರು ಚಾಮರಾಜಪೇಟೆಯವರು; ಮಗನ ಮನೆ ವೈಟ್‌ಫೀಲ್ಡಿನಲ್ಲಿದೆ. ಕೇಂದ್ರದಿಂದ ಕೇಂದ್ರಕ್ಕೇ ಹೋಗಲು ಮೆಟ್ರೊದಲ್ಲಿ ಸುಮಾರು ಒಂದು ಗಂಟೆ ಕೂರುತ್ತಾರೆ. ಮತದಾನದ ದಿನ ಮಗನ ಮನೆಯಿಂದ ಹೊರಟು, ಹಳೆಯ ಬೀದಿಯ ಶಾಲೆಯಲ್ಲಿ ಮತ ಹಾಕಿ, ಇಲ್ಲದ ವಠಾರದ ಮುಂದೆ ಒಂದು ಕ್ಷಣ ನಿಂತು ಬಂದರಂತೆ. ಅಲ್ಲಿ ಮೂಟೆ ಇಳಿಸುತ್ತಿದ್ದ ಹಮಾಲಿಯೊಬ್ಬ, "ಯಜಮಾನರೇ, ಯಾರು ಬೇಕಿತ್ತು?" ಎಂದು ಕೇಳಿದನಂತೆ. "ಯಾರೂ ಇಲ್ಲಪ್ಪ, ಇದೇ ನನ್ನ ವಿಳಾಸ" ಎಂದು ಇವರು ಗುರುತಿನ ಚೀಟಿ ತೆಗೆದು ತೋರಿಸಿದರಂತೆ.