ಕವಡೆ ಹೊತ್ತ ಅಕ್ಷರ

ಚೀನೀ ಅಕ್ಷರ ‘ಬೆಯ್’ಗೆ ನಿಮ್ಮ ಲೇಖನದಲ್ಲಿ ‘ಚಿಪ್ಪು’ ಅಂತ ಒಂದೇ ಅರ್ಥ ಕೊಟ್ಟಿದ್ದೀರಿ. ಅದರ ಕಥೆ ಇನ್ನೂ ಜಾಸ್ತಿ ಇದೆ. ಮೂರು ಸಾವಿರ ವರ್ಷಕ್ಕೂ ಹಿಂದೆ, ಚೀನಾದ ಶಾಂಗ್ ರಾಜವಂಶದ ಕಾಲದಲ್ಲಿ ಮೂಳೆಗಳ ಮೇಲೆ ಕೆತ್ತಿದ ಬರಹದಲ್ಲಿ ಅದು ಕವಡೆಯ ಚಿತ್ರ. ಆಗ ಕವಡೆ ಅಂದರೆ ಸಂಪತ್ತು. 1976ರಲ್ಲಿ ಚೀನಾದ ಆನ್ಯಾಂಗ್‌ನಲ್ಲಿ ಸಿಕ್ಕ ಶಾಂಗ್ ರಾಣಿ ಫೂ ಹಾವೊ ಸಮಾಧಿಯಲ್ಲಿ 6,000ಕ್ಕೂ ಹೆಚ್ಚು ಕವಡೆಗಳಿದ್ದವು!

ಅದಕ್ಕೇ ಹಣಕಾಸಿನ ಎಷ್ಟೋ ಅಕ್ಷರಗಳ ಒಳಗೆ ಇದು ಕೂತಿದೆ. ‘ಕೊಳ್ಳು’ ಅನ್ನುವುದಕ್ಕೆ ಮೇಲೆ ಬಲೆ, ಕೆಳಗೆ ಕವಡೆ. ‘ಬಡತನ’ಕ್ಕೆ ಮೇಲೆ ‘ಹಂಚುವುದು’, ಕೆಳಗೆ ಕವಡೆ. ಹಂಚಿ ಹಂಚಿ ಕೈ ಬರಿದಾದ ಹಾಗೆ, ಅಲ್ವಾ? ನಾವೂ ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಅನ್ನುತ್ತೇವೆ. 1950ರ ದಶಕದಲ್ಲಿ ಚೀನಾ ಲಿಪಿಯನ್ನು ಸರಳ ಮಾಡಿದಾಗ ‘ಕೊಳ್ಳು’ವಿನಿಂದ ಕವಡೆಯೇ ಮಾಯವಾಯಿತು. ನನಗೆ ಅದೊಂದು ಬೇಸರ. ತೈವಾನಿನಲ್ಲಿ ಇನ್ನೂ ಉಳಿದಿದೆ.