ಶೇಕಡಾ 0.04 ನಾಪತ್ತೆ

ಮಲ್ಪೆ ಆಸುಪಾಸಿನ ಒಂದು ಸರಕಾರಿ ಕಿರಿಯ ಪ್ರಾಥಮಿಕ ಶಾಲೆ ಎಂದಿಟ್ಟುಕೊಳ್ಳಿ. ಒಂದರಿಂದ ಐದನೇ ತರಗತಿ, ಎಲ್ಲ ಸೇರಿ ಏಳು ಮಕ್ಕಳು. ಇವರ ಪ್ರಗತಿಯನ್ನು ಶೇಕಡಾವಾರು ತಿಳಿಸಬೇಕು, ದಶಮಾಂಶದ ಎರಡು ಸ್ಥಾನದವರೆಗೆ.

ಒಂದು ಮಗು ಅಂದರೆ 14.28. ಏಳು ಸಲ ಕೂಡಿಸಿದರೆ 99.96. ನಮೂನೆ ವಾಪಸ್ ಬರುತ್ತದೆ: ಉಳಿದ 0.04 ಎಲ್ಲಿ? 14.29 ಹಾಕಿದರೆ 100.03. ಮೊದಲನೆಯದು ಶಾಲೆ ಬಿಟ್ಟ ಮಗು, ಎರಡನೆಯದು ಸುಳ್ಳು ದಾಖಲಾತಿ. ಇಪ್ಪತ್ತು ಕಿಲೋ ತೂಗುವ ಮಕ್ಕಳಾದರೆ ಕಾಣೆಯಾದದ್ದು 56 ಗ್ರಾಂ. ಬಿಸಿಯೂಟದಲ್ಲಿ ಒಂದು ಮಗುವಿಗೆ ಸಿಗುವ ತರಕಾರಿಯೇ 50 ಗ್ರಾಂ, ಹಾಗಾಗಿ ವಿಷಯ ಸಣ್ಣದಲ್ಲ ಮಾರಾಯ್ರೆ. ಪಳಗಿದ ಮೇಷ್ಟ್ರುಗಳು ಕೊನೆಯ ಮಗುವಿಗೆ 14.32 ಕೊಟ್ಟು ಕೈತೊಳೆಯುತ್ತಾರೆ.

ಇನ್ನು ಮಕ್ಕಳ ವರ್ಗವಾರು ಕೋಷ್ಟಕ. ಐದು ತರಗತಿ, ಗಂಡು-ಹೆಣ್ಣು, ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ-1, 2ಎ, 2ಬಿ, 3ಎ, 3ಬಿ, ಸಾಮಾನ್ಯ. ಒಟ್ಟು 80 ಮನೆ. ಮಕ್ಕಳು ಏಳೇ ಆದ್ದರಿಂದ ಕಡಿಮೆಯೆಂದರೂ 73 ಸೊನ್ನೆ ಬರೆಯಬೇಕು. ಖಾಲಿ ಬಿಟ್ಟರೆ ‘ಅಪೂರ್ಣ’. ಮಕ್ಕಳ ಹೆಸರು ಮಾತ್ರ ಗೋಪ್ಯ. ‘ನಾಲ್ಕನೇ ತರಗತಿ, ಹೆಣ್ಣು, ಪರಿಶಿಷ್ಟ ಪಂಗಡ: 1’ ಎಂದಷ್ಟೇ ಇರುತ್ತದೆ. ಅದು ಯಾರ ಮನೆಯ ಹುಡುಗಿ, ಯಾವ ವಿಷಯದಲ್ಲಿ ‘ಸಿ’ ಬಂತು ಎಂಬುದು ಅಡುಗೆಯವರಿಂದ ಹಿಡಿದು ಬಸ್ ಕಂಡಕ್ಟರ್‌ವರೆಗೆ ಯಾರಿಗೂ ಗೊತ್ತಾಗದಂತೆ ಎಚ್ಚರ ವಹಿಸಲಾಗಿದೆ. ಪರೀಕ್ಷೆಯ ದಿನ ಅವಳಿಗೆ ಜ್ವರ ಬಂದರೆ ಶಾಲೆಯಲ್ಲಿ ಪಂಗಡದ ಸಾಧನೆ 100ರಿಂದ ಸೊನ್ನೆಗೆ ಬೀಳುತ್ತದೆ. ಕಾರಣದ ಕಾಲಂನಲ್ಲಿ ಜ್ವರ ಎಂದರೆ ದಾಖಲೆ ಕೇಳುತ್ತಾರೆ. ‘ಪೋಷಕರ ನಿರಾಸಕ್ತಿ’ ಎಂದರೆ ಯಾರೂ ಏನೂ ಕೇಳುವುದಿಲ್ಲ.

ಲೆಕ್ಕದ ನಿಜವಾದ ಚಂದ ಇರುವುದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬಂದರಿನಲ್ಲಿ ಮೀನು ಹೊರುವ ಕೊಪ್ಪಳದ ಕುಟುಂಬ ಊರಿಗೆ ಹೋಗುತ್ತದೆ, ಜತೆಗೆ ಇಬ್ಬರು ಮಕ್ಕಳೂ. ಮನೆಯಲ್ಲಿ ತುಳುವೋ ಬ್ಯಾರಿಯೋ ಅಲ್ಲದೆ ಕನ್ನಡವನ್ನೇ ಆಡುವ ಮಕ್ಕಳು ಈ ಕನ್ನಡ ಶಾಲೆಯಲ್ಲಿ ಅವರಿಬ್ಬರೇ. ಏಳು ಐದಾಗಿ ಹಾಜರಾತಿ ಶೇ. 28.57 ಕುಸಿತ, ಎಫ್‌ಎ-1ರಲ್ಲಿ (ವರ್ಷದ ಮೊದಲ ಕಿರುಪರೀಕ್ಷೆ) ಕನ್ನಡದ ಸರಾಸರಿಯೂ ಕೆಳಗೆ, ಕೂಡಲೇ ನೋಟಿಸು. ಆಗಸ್ಟ್‌ನಲ್ಲಿ ದೋಣಿ ಇಳಿಯುತ್ತದೆ, ಮಕ್ಕಳು ವಾಪಸ್. ಐದು ಏಳಾದರೆ ಶೇ. 40 ಏರಿಕೆ! ಅವೇ ಎರಡು ಮಕ್ಕಳು ಹೋಗಿ ಬಂದದ್ದರಲ್ಲಿ ಶಾಲೆಗೆ 11.43 ನಿವ್ವಳ ಲಾಭ. ದಾಖಲಾತಿ ಆಂದೋಲನದ ಯಶಸ್ಸೆಂದು ಫೋಟೊ ಸಮೇತ ವರದಿ ಹೋಗುತ್ತದೆ.

ಈ ವರದಿಗಳನ್ನೆಲ್ಲ ತುಂಬುವಾಗ ಪಾಠ ಯಾರು ಮಾಡುತ್ತಾರೆ ಎಂಬುದಕ್ಕೆ ನಮೂನೆಯಲ್ಲಿ ಕಾಲಂ ಇಲ್ಲ.

ಈ ಸಲ ಗುರಿ: ಶೇ. 90 ಮಕ್ಕಳು ಬಿ+ ಅಥವಾ ಮೇಲಿನ ಶ್ರೇಣಿಗೆ. ಆರು ಮಕ್ಕಳು ಮುಟ್ಟಿದರೆ 85.71, ಏಳೂ ಮುಟ್ಟಿದರೆ 100. ನಡುವೆ 90 ಎಂಬ ನಿಲ್ದಾಣವೇ ಇಲ್ಲ. ಸಭೆಯಲ್ಲಿ ಪರಿಹಾರ ಸಿಕ್ಕಿದೆ: ಇನ್ನು ಮೂರು ಮಕ್ಕಳನ್ನು ಹುಡುಕಿ ಸೇರಿಸಿಕೊಳ್ಳುವುದು. ಹತ್ತಾದರೆ 90 ಕರಾರುವಾಕ್ಕಾಗಿ ಬರುತ್ತದೆ, ಒಂದು ಮಗು ಹಿಂದುಳಿಯಲು ಒಪ್ಪಬೇಕು ಅಷ್ಟೆ.