ನೋಟು ತೆಗೆದುಕೊಳ್ಳಲೇಬೇಕು ಅಂತ ಅಂಗಡಿಗಳಿಗೆ ಕಾನೂನು ಬೇಕಾ?

ಪರ: ಬೇಕೇ ಬೇಕು

ನನ್ನ ಅಮ್ಮನಿಗೆ 72 ವರ್ಷ. ಉಡುಪಿ ಹತ್ತಿರದ ಹಳ್ಳಿಯಲ್ಲಿದ್ದಾರೆ. ಕೀಪ್ಯಾಡ್ ಫೋನ್, ಒಂದು ಸಣ್ಣ ಪರ್ಸ್, ಅಷ್ಟೇ ಅವರ ವ್ಯವಹಾರ. ಕಳೆದ ಮಳೆಗಾಲದಲ್ಲಿ ಅಪ್ಪನನ್ನು ಮಂಗಳೂರಿನ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ನಾನು ಔಷಧಿ ತರಲು ಹೋಗಿದ್ದಾಗ ಅಮ್ಮ ಗಂಜಿ ತರಲು ಕ್ಯಾಂಟೀನಿಗೆ ಇಳಿದಿದ್ದಾರೆ. ಕೌಂಟರಿನಲ್ಲಿ "ಕ್ಯಾಶ್ ತೆಗೆಯುವುದಿಲ್ಲ, ಸ್ಕ್ಯಾನ್ ಮಾಡಿ" ಅಂದರಂತೆ. 100 ರೂಪಾಯಿ ನೋಟು ಹಿಡಿದುಕೊಂಡು ಅಲ್ಲೇ ನಿಂತಿದ್ದಾರೆ. ಕೊನೆಗೆ ಹಿಂದೆ ನಿಂತಿದ್ದ ಹುಡುಗ ತನ್ನ ಫೋನಿನಿಂದ ಕೊಟ್ಟನಂತೆ, ಅಮ್ಮ ನೋಟನ್ನು ಅವನ ಕೈಗಿಟ್ಟರಂತೆ. ಮೇಲೆ ಬಂದು "ನನ್ನ ದುಡ್ಡು ಇಲ್ಲಿ ನಡೆಯುವುದಿಲ್ವಾ ಮಗಾ" ಅಂತ ಕೇಳಿದರು. ನನಗೆ ಅವತ್ತು ಉತ್ತರ ಸಿಗಲಿಲ್ಲ.

ಆಮೇಲೆ ಓದಿ ನೋಡಿದೆ. 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ನೋಟು ದೇಶದ ಎಲ್ಲ ಕಡೆ ನಡೆಯುವ ಹಣ. ಆದರೆ ವ್ಯಾಪಾರಕ್ಕೆ ಮೊದಲೇ "ಕ್ಯಾಶ್ ಇಲ್ಲ" ಅಂತ ಬೋರ್ಡ್ ಹಾಕಿದ ಅಂಗಡಿ ನೋಟು ತೆಗೆದುಕೊಳ್ಳಲೇಬೇಕು ಅಂತ ಅದರಲ್ಲಿ ಎಲ್ಲೂ ಬಿಡಿಸಿ ಹೇಳಿಲ್ಲ. ಇನ್ನೊಂದು ಕಡೆ, ವರ್ಷಕ್ಕೆ 50 ಕೋಟಿಗಿಂತ ಜಾಸ್ತಿ ವಹಿವಾಟು ಇರುವವರು ಯುಪಿಐ, ರುಪೇ ಕಾರ್ಡ್ ಸೌಲಭ್ಯ ಇಡಲೇಬೇಕು ಅಂತ 2019ರಲ್ಲೇ ಆದಾಯ ತೆರಿಗೆ ಕಾನೂನಿಗೆ ಸೇರಿಸಿದರು, ಇಡದಿದ್ದರೆ ದಿನಕ್ಕೆ 5,000 ರೂಪಾಯಿ ದಂಡ ಅಂತಲೂ ಬರೆದರು. ಫೋನ್ ಇದ್ದವನ ಪರವಾಗಿ ಕಾನೂನು ಬಂತು, ಅಮ್ಮನ ಪರವಾಗಿ ಯಾಕೆ ಬರಲಿಲ್ಲ? ನಾರ್ವೆ ನಮಗಿಂತ ಎಷ್ಟೋ ಮೊದಲೇ ಕಾರ್ಡಿಗೆ ಹೋದ ದೇಶ. ಅಲ್ಲೂ 2024ರ ಅಕ್ಟೋಬರಿನಿಂದ ಅಂಗಡಿಗಳಲ್ಲಿ ನಗದು ಕೊಡುವ ಹಕ್ಕನ್ನು ಕಾನೂನಿನಲ್ಲೇ ಗಟ್ಟಿ ಮಾಡಿದ್ದಾರೆ.

ಕೀಪ್ಯಾಡ್ ಫೋನಿಗೂ 2022ರಲ್ಲಿ ಯುಪಿಐ 123ಪೇ ಬಂದಿದೆಯಲ್ಲ ಅನ್ನುತ್ತಾರೆ. ನಿಜ, ಬಂದಿದೆ. ಆದರೆ ಅದನ್ನು ಹೊಂದಿಸಿಕೊಡಲು ಒಬ್ಬರು ಬೇಕು, ಪಿನ್ ನೆನಪಿಡಬೇಕು, ಕರೆಯಲ್ಲಿ ಹೇಳಿದ ಹಾಗೆ ಒಂದೊಂದೇ ನಂಬರ್ ಒತ್ತಬೇಕು. ನಡುಗುವ ಕೈ, ಮಂದ ಕಣ್ಣು ಇರುವವರಿಗೆ ಹಿಂದೆ ಸಾಲು ನಿಂತಿರುವಾಗ ಇದು ಆಗುವ ಕೆಲಸವಾ? ಜೂನ್, ಜುಲೈಯಲ್ಲಿ ನಮ್ಮ ಊರಿನ ಕಥೆ ಬೇರೆ. ಗಾಳಿಗೆ ಮರ ಬಿದ್ದರೆ ಮೊದಲು ಕರೆಂಟ್ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಟವರ್ ಕೂಡ. ಆಗ ನನ್ನ ಸ್ಮಾರ್ಟ್‌ಫೋನಿನಿಂದಲೂ ಒಂದು ಬನ್ಸ್ ತಿನ್ನಲಿಕ್ಕಾಗುವುದಿಲ್ಲ.

ಇದೇ ಉಡುಪಿಯಲ್ಲಿ 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ಪಿಗ್ಮಿ ಅನ್ನುವ ಸಣ್ಣ ಉಳಿತಾಯ ಯೋಜನೆ ಶುರು ಮಾಡಿತು. ಏಜೆಂಟರು ಮನೆ ಬಾಗಿಲಿಗೆ ಬಂದು ಎರಡಾಣೆ ಕೊಟ್ಟರೂ ಬರೆದುಕೊಂಡು ಹೋಗುತ್ತಿದ್ದರು. ಬಡವರ ಕೈಯಲ್ಲಿ ದುಡ್ಡು ಯಾವ ರೂಪದಲ್ಲಿತ್ತೋ ಅದೇ ರೂಪದಲ್ಲಿ ತೆಗೆದುಕೊಂಡು ಬೆಳೆದ ಬ್ಯಾಂಕ್ ಅದು. ಅಂಥ ಬ್ಯಾಂಕ್ ಬೆಳೆದ ನಮ್ಮ ಕರಾವಳಿಯವರೇ ಈಗ ನೋಟು ಹಿಡಿದು ನಿಂತವರನ್ನು ಪಕ್ಕಕ್ಕೆ ಸರಿಯಿರಿ ಅನ್ನುವುದು ನನಗೆ ಸಹಿಸಲಾಗುವುದಿಲ್ಲ.

ವಿರೋಧ: ಎಲ್ಲ ಅಂಗಡಿಗೂ ಒಂದೇ ಕಾನೂನು ಬೇಡ

ಅಕ್ಕ, ನಿಮ್ಮ ಅಮ್ಮನ ವಿಷಯ ಓದಿ ನನಗೂ ಬೇಜಾರಾಯಿತು. ಆ ಕ್ಯಾಂಟೀನಿನವರು ಮಾಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕಾಗಿ ಎಲ್ಲ ಅಂಗಡಿಗೂ ಕಾನೂನು ಮಾಡಿ ಅಂದರೆ ನಾನು ಒಪ್ಪುವುದಿಲ್ಲ.

ಮಂಗಳೂರಿನ ಹಂಪನಕಟ್ಟೆ ಕಡೆ ನನ್ನದೊಂದು ಸಣ್ಣ ಜ್ಯೂಸ್ ಅಂಗಡಿ. ಹಗಲು ಕ್ಯಾಶ್, ಯುಪಿಐ ಎರಡೂ ತೆಗೆಯುತ್ತೇನೆ. ರಾತ್ರಿ 8ರ ಮೇಲೆ ಯುಪಿಐ ಮಾತ್ರ. ಯಾಕೆಂದರೆ ಆ ಹೊತ್ತಿಗೆ ನನ್ನ ತಂಗಿ ಒಬ್ಬಳೇ ಕೂರುತ್ತಾಳೆ. 10 ಗಂಟೆಗೆ ಶಟರ್ ಎಳೆದು, ದಿನದ ದುಡ್ಡು ಬ್ಯಾಗಿನಲ್ಲಿ ಹಾಕಿಕೊಂಡು, ಸ್ಕೂಟರಿನಲ್ಲಿ ಒಬ್ಬಳೇ ಮನೆಗೆ ಹೋಗುವುದು ನನಗೆ ಭಯ. ಈಗ ಅವಳ ಹತ್ತಿರ ಗಲ್ಲಾಪೆಟ್ಟಿಗೆಯ ದುಡ್ಡು ಇರುವುದಿಲ್ಲ, ಅದು ನೋಡಿದವರಿಗೂ ಗೊತ್ತು. ಕಾನೂನು ಬಂದರೆ ನಾನು ಆ ಬೋರ್ಡ್ ತೆಗೆಯಬೇಕು. ಇಲ್ಲವೇ 8 ಗಂಟೆಗೇ ಬಾಗಿಲು ಹಾಕಬೇಕು.

ಚಿಲ್ಲರೆ ಕಷ್ಟ ಬೇರೆ. 40 ರೂಪಾಯಿ ಜ್ಯೂಸಿಗೆ 500ರ ನೋಟು ಕೊಡುತ್ತಾರೆ, ಅವರಿಗೂ ಬೇಜಾರು, ನಮಗೂ ಬೇಜಾರು. ರಶ್ಶಿನಲ್ಲಿ ಒಂದು ಖೋಟಾ ನೋಟು ಒಳಗೆ ಬಂದರೆ ಬ್ಯಾಂಕಿನವರು ಸೀಲ್ ಹಾಕಿ ಇಟ್ಟುಕೊಳ್ಳುತ್ತಾರೆ, ಬದಲಿಗೆ ಏನೂ ಸಿಗುವುದಿಲ್ಲ. ನನಗೆ ಒಮ್ಮೆ ಹಾಗೆ ಆಗಿದೆ. ಒಂದು ನೋಟಿನಲ್ಲಿ ಆ ದಿನದ ಲಾಭವೇ ಹೋಯಿತು. 2020ರ ಜನವರಿಯಿಂದ ಯುಪಿಐಯಲ್ಲಿ ಬ್ಯಾಂಕ್ ಖಾತೆಯಿಂದ ಬಂದ ದುಡ್ಡಿಗೆ ಅಂಗಡಿಯವರ ಹತ್ತಿರ ಕಮಿಷನ್ ಹಿಡಿಯುವ ಹಾಗಿಲ್ಲ. ಬಂದದ್ದು ಪೂರ್ತಿ ನನ್ನದು.

ಕಾನೂನು ಅಂದಮೇಲೆ ಅದನ್ನು ನೋಡಿಕೊಳ್ಳಲು ಇನ್‌ಸ್ಪೆಕ್ಟರ್ ಬರುತ್ತಾರೆ. ಅವರು ಮೊದಲು ಬರುವುದು ದೊಡ್ಡ ಮಾಲಿಗಾ, ನನ್ನ ಅಂಗಡಿಗಾ? 2025ರ ಜುಲೈಯಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದಾಗ ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಯವರು ಹೆದರಿ ಕ್ಯೂಆರ್ ಕೋಡನ್ನೇ ತೆಗೆದಿಟ್ಟರು. ಯುಪಿಐ ಇಟ್ಟರೂ ನೋಟಿಸ್, ಕ್ಯಾಶ್ ಬೇಡ ಅಂದರೂ ದಂಡ ಅಂದರೆ ನಾವು ಎಲ್ಲಿಗೆ ಹೋಗುವುದು ಮಾರ್ರೆ?

ಕ್ಯಾಶ್ ಕೊಡುವವರನ್ನು ಸತಾಯಿಸುವುದರಲ್ಲಿ ಸರ್ಕಾರವೇ ಮುಂದಿದೆ. ನಮ್ಮ ಹೆದ್ದಾರಿಯ ಹೆಜಮಾಡಿ, ತಲಪಾಡಿ ಟೋಲಿನಲ್ಲಿ ಫಾಸ್ಟ್ಯಾಗ್ ಇಲ್ಲದೆ ನೋಟು ಕೊಟ್ಟವರಿಂದ 2021ರ ಫೆಬ್ರವರಿಯಲ್ಲೇ ಎರಡು ಪಟ್ಟು ಹಿಡಿಯಲು ಶುರು ಮಾಡಿದರು. ಮೊದಲು ಅದು ಸರಿಯಾಗಲಿ. ಬೇರೆ ದಾರಿಯೇ ಇಲ್ಲದ ಜಾಗ ಅಂತ ಕೆಲವು ಇವೆ: ಆಸ್ಪತ್ರೆ, ಮೆಡಿಕಲ್, ಬಸ್ಸು, ರೇಷನ್, ಸರ್ಕಾರಿ ಕೌಂಟರ್, ಟೋಲ್. ಅಲ್ಲಿ ನೋಟು ಬೇಡ ಅನ್ನುವ ಹಾಗಿಲ್ಲ ಅಂತ ಕಾನೂನು ಬರೆಯಲಿ, ನಾನೇ ಮೊದಲು ಸಹಿ ಹಾಕುತ್ತೇನೆ. ನಿಮ್ಮ ಅಮ್ಮ ನಿಂತಿದ್ದ ಕ್ಯಾಂಟೀನ್ ಅದರೊಳಗೆ ಬರುತ್ತದೆ. ಪಕ್ಕದಲ್ಲೇ ಇನ್ನೂ ನಾಲ್ಕು ಅಂಗಡಿ ಇರುವ ನನ್ನ ಜ್ಯೂಸ್ ಅಂಗಡಿ ಬರುವುದು ಬೇಡ.